ಮೇಲೆ ನಿಲ್ಲದ ಹಂಚು

1970ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸಾಗಿದ್ದೆ. ಫೇಲಾಗಿ ಬಿಟ್ಟವನಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಆ ಬೇಸಿಗೆಯಲ್ಲೇ ಸೋದರಮಾವನ ಹಿಂದೆ ಮನೆಗಳ ಮಾಡು ಹತ್ತಿ, ಹಂಚು ಹೊದೆಸುವ ಕೆಲಸ ಹಿಡಿದೆ. ಕಾಪುವಿನಿಂದ ಕಾರ್ಕಳದವರೆಗೆ ನಾನು ಹತ್ತದ ಮಾಡು ಕಡಿಮೆ.

ನಮ್ಮ ಕಸುಬಿನಲ್ಲಿ ಹಂಚು ಹೊತ್ತುಕೊಂಡು ಏಣಿ ಹತ್ತುವ ಪದ್ಧತಿ ಇಲ್ಲ. ಕೆಳಗಿನವನು ಎಸೆಯುತ್ತಾನೆ, ಮೇಲಿನವನು ಹಿಡಿಯುತ್ತಾನೆ. ಎಸೆಯುವವನು ಪಳಗಿದವನಾದರೆ, ಏರುವುದು ಮುಗಿದು ಇಳಿಯುವುದು ಇನ್ನೂ ಶುರುವಾಗದ ಗಳಿಗೆಯಲ್ಲಿ ಹಂಚು ನಿಮ್ಮ ಎದೆಯ ಮುಂದೆ ಬಂದಿರುತ್ತದೆ. ಭಾರವೇ ಇಲ್ಲ, ಯಾರೋ ತಾಂಬೂಲ ಕೊಟ್ಟ ಹಾಗೆ. ಎಸೆಯುವ ವಿದ್ಯೆಯಲ್ಲಿ ನಮ್ಮ ಕಡೆಯವರು ಒಟ್ಟಾರೆ ಗಟ್ಟಿಗರು. ಕಾಪುವಿನ ಕಡಲಿಗೆ ಹೋದರೆ ಬೀಸುಬಲೆಯವರಿದ್ದಾರೆ. ಕಟಪಾಡಿಯಲ್ಲಿ ಬಸ್ಸು ಪೂರಾ ನಿಲ್ಲುವ ಮೊದಲೇ ಪೇಪರಿನ ಕಟ್ಟು ಅಂಗಡಿ ಜಗಲಿಯಲ್ಲಿ ಬಿದ್ದಿರುತ್ತದೆ. ಇದಕ್ಕೆಲ್ಲ ಒಂದು ಶಾಸ್ತ್ರವಿದೆ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಹೆಂಡತಿ ಭಾರ್ಗವಿ ಕಾರ್ಕಳದವಳು. ಪಿಯುಸಿಯಲ್ಲಿ ಫಿಸಿಕ್ಸ್ ಒಂದು ಬಾಕಿ ಉಳಿಸಿಕೊಂಡೇ ನಮ್ಮ ಮನೆಗೆ ಬಂದಳು. ಅದು ಪಾಸಾದರೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬಹುದು. ಇದೊಂದು ಸಲ ನೋಡಲಿ, ಆಗದಿದ್ದರೆ ಪುಸ್ತಕ ಅಟ್ಟಕ್ಕೆ ಎಂದು ಅಮ್ಮ ಒಪ್ಪಿದ್ದರು.

ಒಂದು ಸಂಜೆ ಅವಳು ಒಲೆಯ ಮುಂದೆ ಕೂತು ಲೆಕ್ಕ ಓದಿಕೊಳ್ಳುತ್ತಿದ್ದಳು. ಕಲ್ಲೊಂದನ್ನು ನೇರ ಮೇಲಕ್ಕೆ ಎಸೆದರೆ, ತುತ್ತತುದಿಯಲ್ಲಿ ಅದರ ವೇಗ ಎಷ್ಟು? ಭೂಮಿಯ ಎಳೆತ ಎಷ್ಟು? ಮೊದಲನೆಯದು ಸೊನ್ನೆ ಎಂದು ಅವಳಿಗೆ ಗೊತ್ತಿತ್ತು. ಎರಡನೆಯದಕ್ಕೆ ಪೆನ್ಸಿಲ್ ಕಚ್ಚುತ್ತಿದ್ದಳು. ಕೇಳದೆ ಹೇಳಿದವನು ನಾನು: ಅದೂ ಸೊನ್ನೆಯೇ, ತುದಿಯಲ್ಲಿ ಹಂಚಿಗೆ ಭಾರ ಇರುವುದಿಲ್ಲ, ದಿನಾ ಹಿಡಿಯುವವನಿಗೆ ಗೊತ್ತಿಲ್ಲವೇ ಎಂದೆ.

"ಎಳೆತ ಇಲ್ಲದಿದ್ದರೆ, ನೀವು ಹಿಡಿಯದಿದ್ದಾಗ ಹಂಚು ಯಾಕೆ ಬೀಳ್ತದೆ?"

"ನಾನು ಹಿಡಿಯದೆ ಇದ್ದದ್ದು ಯಾವಾಗ?"

ಇದು ಜಂಬದ ಮಾತಾದರೂ ಸುಳ್ಳಲ್ಲ. ಕೈತಪ್ಪಿದ ಹಂಚನ್ನು ನಾನು ನೋಡಿಯೇ ಇರಲಿಲ್ಲ. ಪಾಪ, ಅವಳು ನನ್ನನ್ನು ನಂಬಿ ಸೊನ್ನೆ ಬರೆದುಕೊಂಡಳು.

ಆ ಸೊನ್ನೆ ನನ್ನನ್ನು ಬಿಡಲಿಲ್ಲ. ಮಾರನೆಯ ದಿನ ಕೆಲಸ ಮಣಿಪಾಲದಲ್ಲಿ. ಕೆಳಗಿನಿಂದ ಎಸೆಯುವವರು ಸಂಜೀವಣ್ಣ. ನನ್ನ ಮಾತು ತಪ್ಪಿದ್ದರೆ ಅವಳ ಒಂದೇ ಒಂದು ಅವಕಾಶ ಹೋಗುವುದು ನನ್ನಿಂದ ಎಂಬ ಹೆದರಿಕೆಯಲ್ಲಿ, ಅವರು ಎಸೆದ ಒಂದು ಹಂಚಿನ ಮುಂದೆ ಕೈಕಟ್ಟಿ ನಿಂತೆ. ಅದು ಎದೆಯವರೆಗೆ ಬಂತು. ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಉಸಿರೆಳೆದುಕೊಳ್ಳುವಷ್ಟು ಪುರಸೊತ್ತೂ ತೆಗೆದುಕೊಳ್ಳದೆ ಬಂದ ದಾರಿಯಲ್ಲೇ ಹೊರಟುಹೋಯಿತು. ಸಂಜೀವಣ್ಣ ಹಾರಿ ಪಕ್ಕಕ್ಕೆ ಸರಿದರು.

"ಎಂತ ಮಾರಾಯ, ಮದುವೆಯಾದ ಮೇಲೆ ಕೈ ಮನೆಯಲ್ಲೇ ಬಿಟ್ಟು ಬರುವುದಾ?"

ಪರೀಕ್ಷೆ ನಡೀತಾ ಉಂಟು ಎಂದೆ. ಯಾರಿಗೆ ಎಂದು ಕೇಳಿದರು. ನನಗೆ ಎಂದು ಹೇಳಿ, ಒಡೆದ ಹಂಚಿನ ಬದಲಿಗೆ ಬೇರೆ ತಂದುಕೊಡುತ್ತೇನೆಂದು ಮನೆಯವರನ್ನು ಸಮಾಧಾನ ಮಾಡಿದೆ.

ಮಣಿಪಾಲದಿಂದ ಕಾಪುವಿಗೆ ಬರುವ ಬಸ್ಸಿನಲ್ಲಿ ಅಂದು ನನಗೆ ಕೂರಲು ಜಾಗ ಸಿಕ್ಕಿತ್ತು, ಆದರೂ ನೆಮ್ಮದಿ ಇರಲಿಲ್ಲ. ಪಿಯುಸಿ ಓದಿದ ಹೆಂಡತಿಯ ಮುಂದೆ ಏಳನೇ ಕ್ಲಾಸಿನವನಿಗೆ ಇದ್ದ ಆಸ್ತಿಯೆಂದರೆ ಹಂಚಿನ ತಿಳಿವಳಿಕೆ ಒಂದೇ. ಅದನ್ನೂ ಬಿಟ್ಟುಕೊಟ್ಟರೆ ಉಳಿಯುವುದೇನು? ಕಾಲು ತೊಳೆಯುವಾಗಲೇ ಹೇಳಿಬಿಟ್ಟೆ, ಆಮೇಲಾದರೆ ಹೇಳಲಾರೆನೆಂದು.

"ಭಾರ್ಗವಿ, ತುದಿಯಲ್ಲೂ ಎಳೆತ ಉಂಟು. ಪೂರ್ತಿ ಉಂಟು. ನಾನು ಹೇಳಿದ್ದು ತಪ್ಪು."

ಅವಳು ನಗಲಿಲ್ಲ. ಹೇಗೆ ಗೊತ್ತಾಯಿತೆಂದು ಕೇಳಿದಳು. ಹಂಚಿನ ಕತೆ ಹೇಳಿದೆ. ಆಗ ಅವಳು ಪುಸ್ತಕವನ್ನು ನಮ್ಮಿಬ್ಬರ ನಡುವೆ ಇಟ್ಟು, "ಕೂತುಕೊಳ್ಳಿ, ಉಳಿದದ್ದನ್ನೂ ಒಟ್ಟಿಗೆ ನೋಡುವ" ಎಂದಳು. ನಾನು ನಿಲ್ಲಿಸಿದ ಓದು ಮತ್ತೆ ಶುರುವಾದದ್ದು ಅಲ್ಲಿ.

ಪರೀಕ್ಷೆಗೆ ಆ ಪ್ರಶ್ನೆ ಬರಲೇ ಇಲ್ಲ. ಕನ್ನಡಿ, ಬೆಳಕು ಎಂದು ಏನೇನೋ ಬಂತಂತೆ. ಭಾರ್ಗವಿ ಪಾಸಾದಳು, ಈಗ ಶಾಲೆಯಲ್ಲಿ ಟೀಚರು. ಈಚೆಗೆ ಎಲ್ಲರೂ ತಾರಸಿ ಮನೆ ಕಟ್ಟಿಸುತ್ತಿದ್ದಾರೆ, ನನ್ನ ಕೆಲಸ ಕಡಿಮೆಯಾಗಿದೆ, ಆದರೆ ದೂರುವುದಕ್ಕೆ ನನಗೆ ಮನಸ್ಸಿಲ್ಲ.

ಈಗ ನನಗಿರುವುದು ಇಷ್ಟು: ಸ್ವಂತ ಮನೆ ಒಂದು, ಏಣಿ ಎರಡು, ನೋಯದ ಮೊಣಕಾಲು ಒಂದು, ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು. ಯಾರ ಮುಂದೆ ‘ನನಗೆ ಗೊತ್ತಿಲ್ಲ’ ಎಂದು ನಾನು ಧೈರ್ಯವಾಗಿ ಹೇಳಬಹುದೋ ಅವರು, ಹಾಗಾಗಿ, ಒಟ್ಟು ಮೂರು ಜನ.