ಮನೋರಮಕ್ಕ ಕಂಡ ಶನಿ

ಹಿರಿಯಡ್ಕದ ಟೈಲರ್ ಮನೋರಮಕ್ಕನಲ್ಲಿ ರವಿಕೆ ಹೊಲಿಸಲು ಹೋದವರು ಆಕಾಶದ ಸುದ್ದಿ ಕೇಳದೆ ಹಿಂದಿರುಗಿದ್ದೇ ಇಲ್ಲ. ತೋಳಿನ ಅಳತೆ ತೆಗೆಯುತ್ತಾ ಚಂದ್ರನ ಮಣ್ಣಿನಲ್ಲಿ ಗಂಧಕ ಸಿಕ್ಕಿದ್ದನ್ನು ಹೇಳುತ್ತಾರೆ. ಬೇರೆ ನಕ್ಷತ್ರದ ಕಡೆಯಿಂದ ಬಂದ ಧೂಮಕೇತುವಿನ ಮಾತು ಬಂದರಂತೂ ಹೊಲಿಗೆಯನ್ನೇ ಮರೆಯುತ್ತಾರೆ. "ಅಕ್ಕ, ನನ್ನ ರವಿಕೆ ಎಂತ ಆಯ್ತು?" ಎಂದರೆ, "ನಾಳೆ ಕೊಡ್ತೇನೆ ಮಾರಾಯ್ತಿ, ಮೊದಲು ಇದನ್ನು ಕೇಳು" ಎನ್ನುತ್ತಾರೆ. ಮೊನ್ನೆ ಮಗಳು ಅಕ್ಷಿತಾಳೊಂದಿಗೆ ಬಂದ ನೆರೆಮನೆಯಾಕೆ, ಜಾತಕದಲ್ಲಿ ಶನಿದೋಷ ಇದೆಯೆಂಬ ಕಾರಣಕ್ಕೆ ಹುಡುಗಿಯ ಸಂಬಂಧ ತಪ್ಪಿಹೋಯಿತೆಂದು ಕಣ್ಣೊರೆಸಿಕೊಂಡರು. "ಶನಿಗೆ ಹೊಸದಾಗಿ ನೂರಿಪ್ಪತ್ತೆಂಟು ಚಂದ್ರರು ಸಿಕ್ಕಿದ್ದಾರೆ. ಅಷ್ಟು ದೊಡ್ಡ ಸಂಸಾರದವನಿಗೆ ನಿಮ್ಮ ಮಗಳನ್ನು ಕಾಡಲಿಕ್ಕೆ ಪುರುಸೊತ್ತು ಎಲ್ಲಿ ಉಂಟು?" ಎಂದರು ಮನೋರಮಕ್ಕ. ಮುಖ ಬಾಡಿಸಿಕೊಂಡಿದ್ದ ಅಕ್ಷಿತಾ ಕಿಸಕ್ಕನೆ ನಕ್ಕಳು. ಪ್ರಾಯದಲ್ಲಿ ಮನೋರಮಕ್ಕನ ಮದುವೆಯೂ ಇದೇ ಶನಿಯ ಹೆಸರಿನಲ್ಲಿ ಮುರಿದಿತ್ತು. ಅವನು ಯಾರೆಂದು ನೋಡಿಯೇಬಿಡುತ್ತೇನೆಂಬ ಸಿಟ್ಟಿನಲ್ಲಿ ಓದಲು ಕೂತವರಿಗೆ ಇಡೀ ಆಕಾಶವೇ ಹಿಡಿಸಿಬಿಟ್ಟಿತ್ತು. ಆದರೆ ಶನಿಯನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಆ ಶನಿವಾರ ಸಂಜೆ ಮಣಿಪಾಲದಲ್ಲಿ ಸಾರ್ವಜನಿಕರಿಗೆಂದು ದೂರದರ್ಶಕ ಇಟ್ಟಿದ್ದಾರೆಂದು ತಿಳಿದು, ಅಂಗಡಿ ಮುಚ್ಚಿ ಅಕ್ಷಿತಾಳನ್ನು ಕರೆದುಕೊಂಡು ಹೋದರು. ಸಪೂರ ಉಂಗುರ ತೊಟ್ಟ ಶನಿಯನ್ನು ಕಂಡ ಹುಡುಗಿ, "ಎಷ್ಟು ಚಂದ ಉಂಟು ಅಕ್ಕ! ಇವನಿಗಾ ನಾವು ಹೆದರಿದ್ದು?" ಎಂದು ಕೂಗಿದಳು. "ಹೆದರಿದ್ದು ಮುಗಿಯಿತಲ್ಲ, ಈಗ ಸ್ವಲ್ಪ ಆಚೆ ಸರಿ ಮಾರಾಯ್ತಿ, ನನಗೂ ನೋಡಲಿಕ್ಕುಂಟು!" ಎಂದರು ಮನೋರಮಕ್ಕ.