ಕೆಂಚನ ಪಾಲಿನ ಭಾನುವಾರ

ಹರಪನಹಳ್ಳಿ ಕೋರ್ಟಿನಲ್ಲಿ ಟೈಪಿಸ್ಟಾಗಿದ್ದ ಉಜ್ಜಿನಪ್ಪನಿಗೆ ವಾರದ ಆರು ದಿನ ಕುರ್ಚಿ ಬಿಟ್ಟು ಏಳಲು ಪುರುಸೊತ್ತಿರಲಿಲ್ಲ. ಭಾನುವಾರ ಬಂತೆಂದರೆ ಮನೆಯಲ್ಲಿ ನಿಲ್ಲುವವನಲ್ಲ. ಟಿವಿಎಸ್ ಗಾಡಿಯಲ್ಲಿ ತನ್ನ ಕಾಲುಗಳ ನಡುವೆ ಕೆಂಚ ಎಂಬ ನಾಯಿಯನ್ನು ಕೂರಿಸಿಕೊಂಡು ಒಮ್ಮೆ ಕೋಗಳಿ ಬಸದಿಗೆ, ಒಮ್ಮೆ ಬಾಗಳಿ ಕಲ್ಲೇಶ್ವರನ ಗುಡಿಗೆ, ಹುರುಪಿದ್ದ ದಿನ ಬೆಟ್ಟದ ಮೇಲೆ ಅಮ್ಮನ ಗುಡಿಯಿರುವ ಉಚ್ಚಂಗಿದುರ್ಗಕ್ಕೆ ಹೊರಡುವನು. ತೊಂಬತ್ತೊಂದರಲ್ಲಿ ಕೋರ್ಟಿನ ಕಾಂಪೌಂಡಿನಲ್ಲಿ ಸಿಕ್ಕ ಮರಿ ಅದು. ಗುಡಿಯೊಳಗೆ ಬಿಡುವುದಿಲ್ಲವೆಂದು ಅದಕ್ಕೂ ಗೊತ್ತು. ಹೊರಗೆ ಚಪ್ಪಲಿ ಪಕ್ಕ ಮಲಗಿ ಕಾಯುವುದು.

ಹೆಂಡತಿ ತಿಪ್ಪೇರುದ್ರಮ್ಮ ಬೆಳಿಗ್ಗೆಯೇ ಎದ್ದು ಇಬ್ಬರಿಗೂ ರೊಟ್ಟಿ ಕಟ್ಟಿಕೊಡುವಳು. ಮೊದಮೊದಲು, "ನನ್ನೂ ಒಂದ್ಸಲ ಕರ್ಕೊಂಡು ಹೋಗ್ರಿ" ಎಂದು ಕೇಳಿದ್ದಳು.

"ಮುಂದ ಕೆಂಚ, ಹಿಂದ ನೀನು ಕುಂತ್ರ ಗಾಡಿ ಎಳಿತೈತೇನು? ಮುಂದಿನ ವಾರ ನೋಡಾಣ ತಗಾ."

ಆ ಮುಂದಿನ ವಾರ ಬರಲಿಲ್ಲ. ಅವಳು ಕೇಳುವುದನ್ನು ಬಿಟ್ಟಳು. ಆಸೆ ಹೋಯಿತೆಂದೇ ಅವನು ತಿಳಿದ.

ಹನ್ನೆರಡು ವರ್ಷದ ಮೇಲೆ ಕೆಂಚನ ಹಿಂಗಾಲು ಸೋತವು. ಒಂದು ಭಾನುವಾರ ಎತ್ತಿ ಕೂರಿಸಿದರೂ ನಿಲ್ಲಲಾರದೆ ಜಾರಿ ಬಿತ್ತು. ಬುತ್ತಿ ಕಟ್ಟಿ ಆಗಿತ್ತು. ಉಜ್ಜಿನಪ್ಪ ಒಳಗೆ ತಿರುಗಿ, "ಲೇ, ನೀನಾರ ಬಾ, ದುರ್ಗಕ್ಕ ಹೋಗಿ ಬರಾಣ" ಎಂದ.

"ನಾಯಿಗೆ ಆಗ್ಲಿಲ್ಲ ಅಂತ ನನ್ನ ನೆನಪಾತೇನ್ರಿ?" ಅಂದಳು. ಅಂದರೂ, ಟ್ರಂಕಿನಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಳು.

ದುರ್ಗದ ಮೆಟ್ಟಿಲು ಇಪ್ಪತ್ತು ಹತ್ತುವಷ್ಟರಲ್ಲಿ ಮೊಣಕಾಲು ಹಿಡಿದು ಕುಳಿತಳು. ಅವಳ ಮಂಡಿ ಬಾತಿರುವುದು ಅವನಿಗೆ ಗೊತ್ತಾದದ್ದೇ ಅಲ್ಲಿ. "ನೀವು ಹೋಗಿ ಬರ್ರಿ. ಬಂದು ಹೇಳ್ರಿ, ಸಾಕು."

ಅವನು ಮೇಲೆ ಹೋಗಿ ಕೈಮುಗಿದು, ಓಡುತ್ತಲೇ ಇಳಿದು ಬಂದ.

"ಅಮ್ಮನ ಮುಖ ಯಾವ ದಿಕ್ಕಿಗೈತ್ರಿ? ಮ್ಯಾಲಿಂದ ನಮ್ಮೂರು ಕಾಣ್ತೈತಾ?"

ಉಜ್ಜಿನಪ್ಪ ಎಷ್ಟು ಸಲ ಹತ್ತಿದ್ದ! ನಾಯಿಗೆ ನೆರಳೆಲ್ಲಿ, ನೀರೆಲ್ಲಿ ಎಂಬುದು ಬಿಟ್ಟು ಬೇರೇನೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಮುಂದಿನ ವಾರ ಆಟೋ ಮಾಡಿಕೊಂಡು ಮೂವರೂ ಬಾಗಳಿಗೆ ಹೋದರು. ಅಲ್ಲಿ ಬೆಟ್ಟ ಹತ್ತುವ ಕಷ್ಟವಿಲ್ಲ. ಕೆಂಚ ಆಟೋದಲ್ಲೇ ಮಲಗಿತು. ತಿಪ್ಪೇರುದ್ರಮ್ಮ ಒಂದೊಂದು ಕಂಬವನ್ನೂ ಕೈಯಿಂದ ಸವರಿ ನೋಡಿದಳು. "ಕಲ್ಲಿಗೆ ಕಸೂತಿ ಹಾಕಿದಂಗೈತಿ ನೋಡ್ರಿ!" ಅವಳು ಅಷ್ಟು ನಕ್ಕಿದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು.

ವಾಪಸು ಬರುವಾಗ ಊರಿನ ಬಸ್‌ಸ್ಟ್ಯಾಂಡ್ ಕಂಡು ಬೆಚ್ಚಿದಳು. "ಆಗ್ಲೇ ಬಂದ್ಬಿಟ್ವಾ? ಇಷ್ಟು ಹತ್ರ ಇತ್ತೇನ್ರಿ?"

"ಹ್ಞೂಂ" ಎಂದ ಉಜ್ಜಿನಪ್ಪ.

ಆ ಮಳೆಗಾಲದಲ್ಲಿ ಕೆಂಚ ಸತ್ತಿತು. ತಿಪ್ಪೇರುದ್ರಮ್ಮನ ಮಂಡಿ ಪೂರಾ ಹಿಡಿದುಬಿಟ್ಟವು. ಕೋಗಳಿಯನ್ನೂ ತೋರಿಸುತ್ತೇನೆಂದು ಅವನು ಅವಳಿಗೆ ಹೇಳಿದ್ದು ಬರೀ ಮಾತಾಗಿ ಉಳಿಯಿತು. ಭಾನುವಾರ ಈಗ ಉಜ್ಜಿನಪ್ಪ ಮನೆ ಬಿಟ್ಟು ಕದಲುವುದಿಲ್ಲ. ಎಣ್ಣೆ ಬಿಸಿ ಮಾಡಿ ತಂದು ಅವಳ ಮಂಡಿಗೆ ತಿಕ್ಕುತ್ತಾನೆ. ಅವಳು ಬೇಡ ಅನ್ನುವುದಿಲ್ಲ, ಹಿಂದಿನದನ್ನು ಎತ್ತಿ ಆಡುವುದೂ ಇಲ್ಲ. ಒಮ್ಮೆಯಾದರೂ ಆಡಿಬಿಟ್ಟಿದ್ದರೆ ತನಗೆ ಹಗುರಾಗುತ್ತಿತ್ತು ಎಂದು ಅವನಿಗೆ ಅನ್ನಿಸುತ್ತದೆ.