ಒಂದು ಹಿಡಿ ಜೋಳ

ಇವತ್ತು ಬೆಳಿಗ್ಗೆ ರೊಟ್ಟಿ ಬಡಿದು, ಕೈ ತೊಳೆದು, ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿದ ಮೇಲೆ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಹಾಗೇ ಇತ್ತು. ಕೂರಲು ಜಾಗವಿರಲಿಲ್ಲ. ದಿನವೂ ಇದೇ ಪಾಡು. ಕಂಬಿ ಹಿಡಿದು ನಿಂತವಳಿಗೆ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು...

ಇಸವಿ ಎರಡು ಸಾವಿರದ ಐದೋ ಆರೋ ಇರಬೇಕು. ಅಪ್ಪ, ಅವ್ವ ಕಲಬುರ್ಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹತ್ತಿರದಲ್ಲಿ ನಮ್ಮ ಬಾಡಿಗೆ ರೂಮು. ಹಲಸೂರಿನ ಶಾಲೆ ನನಗೆ ನಾಲ್ಕನೆಯದು. ಮೊದಲ ದಿನ ನಾನು ಬಾಯಿ ತೆಗೆದದ್ದೇ ತಡ, ಹುಡುಗಿಯರು 'ರೊಟ್ಟಿ' ಎಂದು ಹೆಸರಿಟ್ಟರು. ಒಂದು ತಿಂಗಳು ತುಟಿ ಬಿಚ್ಚದೆ ಕೂತು, ಬೆಂಗಳೂರಿನವರ ಹಾಗೆ ಮಾತಾಡಲು ಕಲಿತೆ. ಯಾರಾದರೂ ಊರು ಕೇಳಿದರೆ 'ಇಲ್ಲೇ' ಎನ್ನುತ್ತಿದ್ದೆ.

ಮೇಷ್ಟ್ರು ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಉರ್ದು. ನಕ್ಷತ್ರಗಳು ಹುಟ್ಟಿದ ಕಡೆಯೇ ಇರುವುದಿಲ್ಲ ಎಂದು ಅವರೇ ನಮಗೆ ಹೇಳಿದ್ದು. ಗ್ಯಾಲಕ್ಸಿಯ ಸುರುಳಿ ತೋಳುಗಳು ಸುತ್ತುವಾಗ ಕೆಲವು ನಕ್ಷತ್ರಗಳು ಒಳಕ್ಕೆ ಸರಿಯುತ್ತವಂತೆ, ಕೆಲವು ಹೊರಕ್ಕೆ. ನಮ್ಮ ಸೂರ್ಯನೂ ಬಹುಶಃ ಹಾಗೆ ಒಳಗಿನಿಂದ ಬಂದವನೇ. ಆದರೆ ಹುಟ್ಟಿದ ಜಾಗದ ಧಾತುಗಳು ನಕ್ಷತ್ರದ ಮೈಯಲ್ಲೇ ಉಳಿಯುತ್ತವೆ. ಬೆಳಕು ನೋಡಿ ಅದರ ಮೂಲ ಅಂದಾಜು ಮಾಡಬಹುದು.

"ನಾಳೆ ಎಲ್ರೂ ನಿಮ್ಮ ನಿಮ್ಮ ಊರಿನ ಧಾನ್ಯ ಒಂದು ಹಿಡಿ ತನ್ನಿ. ಆಟ ಆಡೋಣ," ಎಂದರು.

ಅವ್ವ ಡಬ್ಬಿಯಿಂದ ಜೋಳ ತೆಗೆದಳು. ನಾನು ಬೇಡವೆಂದೆ. "ಯಾಕವ್ವಾ, ನಮ್ಮ ಜ್ವಾಳೇನ್ ಕಳವಿನ ಮಾಲೇನು?" ಎಂದು ಕೇಳಿದಳು. ನಾನು ರೇಷನ್ ಅಕ್ಕಿ ಹಿಡಿದುಕೊಂಡು ಓಡಿದೆ.

ಮೇಷ್ಟ್ರು ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದರೊಳಗೊಂದು ಮೂರು ವೃತ್ತ ಎಳೆದಿದ್ದರು. ಹೊರಗಿನದು ಅಕ್ಕಿಯವರಿಗೆ, ನಡುವಿನದು ರಾಗಿಯವರಿಗೆ, ಒಳಗಿನದು ಜೋಳದವರಿಗೆ. ಒಳಗಿನ ವೃತ್ತದಲ್ಲಿ ಒಬ್ಬರೂ ನಿಲ್ಲಲಿಲ್ಲ. ಮುಷ್ಟಿ ಕಟ್ಟಿಕೊಂಡು ಸುತ್ತಬೇಕು; ಇಬ್ಬರು ಸುರುಳಿ ತೋಳಿನ ಹಾಗೆ ಹಗ್ಗ ಹಿಡಿದು ಅಡ್ಡ ಬರುತ್ತಾರೆ; ಹಗ್ಗ ಸೋಕಿದವರು ಪಕ್ಕದ ವೃತ್ತಕ್ಕೆ ದಾಟಬೇಕು. ಸೀಟಿ ಊದುವಷ್ಟರಲ್ಲಿ ಎಲ್ಲ ಕಲಸುಮೇಲೋಗರ. ಆಮೇಲೆ ಅವರು ಒಬ್ಬೊಬ್ಬರ ಮುಷ್ಟಿ ಬಿಡಿಸಿ, ಯಾರು ಎಲ್ಲಿಂದ ಹೊರಟವರೆಂದು ಹೇಳುತ್ತಾ ಬಂದರು.

ನನ್ನ ಅಂಗೈಗೆ ಅಕ್ಕಿ ಬೆವರಿನಿಂದ ಅಂಟಿಕೊಂಡಿತ್ತು. ಮೇಷ್ಟ್ರು ಅಕ್ಕಿ ನೋಡಲಿಲ್ಲ, ಉಗುರು ನೋಡಿದರು. ಬೆಳಿಗ್ಗೆ ಅವ್ವನ ಜೊತೆ ರೊಟ್ಟಿ ಬಡಿದ ಹಿಟ್ಟು ಸಂದಿಯಲ್ಲೇ ಇತ್ತು. ಅವರು ನನ್ನ ಬೆರಳುಗಳನ್ನು ಮೆಲ್ಲಗೆ ಮಡಿಸಿ, "ಅಕ್ಕಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮುಂದೆ ಹೋದರು.

"ಸರ್, ನಿಮ್ದು?" ಎಂದು ಯಾರೋ ಕೂಗಿದರು. ಮೇಷ್ಟ್ರು ತಮ್ಮ ಮುಷ್ಟಿ ಬಿಚ್ಚಿದರು. ಖಾಲಿ.

"ನಮ್ ತಾತ ಯಾವ ಊರಿಂದ ಬಂದ್ರೋ ನಮ್ಮನೇಲಿ ಯಾರಿಗೂ ಗೊತ್ತಿಲ್ಲ ಕಣ್ರಪ್ಪ. ಹೇಳೋರೆಲ್ಲ ಹೋದ್ರು," ಎಂದು ನಕ್ಕರು.

ಗಂಟೆ ಹೊಡೆದ ಮೇಲೆ ನನ್ನೊಬ್ಬಳನ್ನೇ ಕರೆದರು. "ಇರೋದನ್ನ ಬಚ್ಚಿಡಬೇಡಮ್ಮ. ಯಾವತ್ತಾದ್ರೂ ಒಂದು ಹಿಡಿ ಜೋಳ ತಂದ್ಕೊಡು ನಂಗೆ."

ಕೊಡಲಿಲ್ಲ. ಮೊದಲು ನಾಚಿಕೆ, ಆಮೇಲೆ ಮರೆವು. ಪರೀಕ್ಷೆ ಮುಗಿಯುತ್ತಲೇ ಅಪ್ಪನ ಕೆಲಸ ಕೆ.ಆರ್. ಪುರಕ್ಕೆ ಹೋಯಿತು, ಹಿಂದೆ ನಾವೂ. ಆ ಒಳಗಿನ ವೃತ್ತವನ್ನು ಅವರು ನನ್ನೊಬ್ಬಳಿಗಾಗಿಯೇ ಎಳೆದಿದ್ದರೆಂದು ಹೊಳೆಯುವುದಕ್ಕೆ ಎಷ್ಟೋ ವರ್ಷ ಬೇಕಾಯಿತು. ಹೊಳೆದ ವಾರವೇ ಜೋಳ ಕಟ್ಟಿಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. "ಅವರು ಹೋಗಿ ಎರಡು ವರ್ಷ ಆಯ್ತಮ್ಮ," ಎಂದರು. ಕೈಯಲ್ಲಿದ್ದ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಕಾಳು ವಾಪಸ್ಸು ತಂದೆ.

ಇವತ್ತು ಮೆಟ್ರೋದಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. "ಯಾವೂರವ್ವ ನಿಂದು?" ಎಂದಳು. ಇಷ್ಟು ವರ್ಷದ ರೂಢಿ, 'ಇಲ್ಲೇ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿದೆ.

"ಕಲಬುರ್ಗಿ ಕಡೆಯಾಕೀರಿ," ಎಂದೆ.

ಹಲಸೂರು ಬಂತು, ಬಾಗಿಲು ತೆರೆಯಿತು. ಅಲ್ಲಿ ಇಳಿದು ಈ ಮಾತು ಯಾರಿಗೆ ಹೇಳಬೇಕಿತ್ತೋ ಅವರು ಈಗಿಲ್ಲ.